ಮಾರ್ಬಲ್ ಅಂಗಡಿ ಚೂರು, ಚಿರೇಕಲ್ಲು, ಶೇಡಿ ಮಣ್ಣು: ನಮ್ಮ ಶಾಲೆಯ ಕಲ್ಲಿನ ಪೆಟ್ಟಿಗೆ

ನಾನು ಕಲ್ಲು ಹೆಕ್ಕಲು ಶುರು ಮಾಡಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಅದನ್ನು ಪಾಠ ಅಂತ ಒಪ್ಪಿದವರು ಯಾರೂ ಇರಲಿಲ್ಲ. "ಅಕ್ಕೋರೆ, ಪುಸ್ತಕದಲ್ಲಿ ಚಿತ್ರ ಇದೆಯಲ್ಲ, ಪರೀಕ್ಷೆಗೆ ಅಷ್ಟು ಸಾಕು" ಅಂದವರೇ ಜಾಸ್ತಿ. ಈಗ ಅದೇ ಪೆಟ್ಟಿಗೆಯನ್ನು ಅಕ್ಕಪಕ್ಕದ ಶಾಲೆಯವರು ಎರವಲು ಒಯ್ಯುತ್ತಾರೆ, ವಾಪಸ್ ಕೊಡುವಾಗ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದೇ ವಾಸಿ. ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ನಿಮಗೆಲ್ಲ ಗೊತ್ತಿರುವುದೇ. ಅದನ್ನು ಬಿಟ್ಟು ಉಳಿದದ್ದು ಹೇಳುತ್ತೇನೆ.

ಮೊದಲು ದುಡ್ಡಿನ ವಿಷಯ. ನಮ್ಮ ಶಾಲೆಗೆ ರೆಡಿಮೇಡ್ ಕಲ್ಲಿನ ಪೆಟ್ಟಿಗೆ ಒಂದು ಬಂದಿತ್ತು, ಮೂರೂವರೆ ಸಾವಿರದ ಹತ್ತಿರ ಬಿದ್ದಿತ್ತು ಅಂತ ನೆನಪು. ಥರ್ಮಾಕೋಲ್ ಗುಳಿಗಳಲ್ಲಿ ನಲವತ್ತೋ ಏನೋ ಚೂರು. ಒಂದೊಂದು ಹೆಬ್ಬೆರಳ ಉಗುರಿನಷ್ಟು. ಅಷ್ಟು ಸಣ್ಣ ಗ್ರಾನೈಟಿನಲ್ಲಿ ಹರಳು ಎಲ್ಲಿಂದ ಕಾಣಬೇಕು? ಕಾರವಾರದ ಮಳೆಗಾಲ ಒಂದು ಬಂದು ಹೋಗುವಷ್ಟರಲ್ಲಿ ಅಂಟು ಬಿಟ್ಟು ಲೇಬಲ್ ಎಲ್ಲ ಪೆಟ್ಟಿಗೆಯ ತಳ ಸೇರಿತು, ಥರ್ಮಾಕೋಲ್‌ಗೆ ಬೂಷ್ಟು ಹಿಡಿಯಿತು. ಆಮೇಲೆ ಇರುವ ಕಪ್ಪು ಕಲ್ಲೆಲ್ಲ ಒಂದೇ. ಆದರೆ ನನ್ನ ತಕರಾರು ಅದಲ್ಲ. ಲೇಬಲ್ ಇದ್ದಷ್ಟು ದಿನವೂ ಮಕ್ಕಳು ಓದುತ್ತಿದ್ದದ್ದು ಲೇಬಲ್ಲನ್ನು. ಕಲ್ಲನ್ನು ಒಬ್ಬರೂ ನೋಡುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಮಾರ್ಬಲ್ ಅಂಗಡಿಯ ಹಿಂದುಗಡೆ. ಅಡುಗೆಮನೆ ಕಟ್ಟೆಗೆ, ಮೆಟ್ಟಿಲಿಗೆ ಕತ್ತರಿಸಿ ಉಳಿದ ಚೂರುಗಳ ರಾಶಿ ಅಲ್ಲಿ ಬಿದ್ದಿರುತ್ತದೆ. ಕೇಳಿದರೆ ಸುಮ್ನೆ ಕೊಡುತ್ತಾರೆ, ಎತ್ತಿಕೊಂಡು ಹೋದರೆ ಸಾಕು ಅವರಿಗೆ. ಶಹಾಬಾದ್ ಕಲ್ಲು, ಕಡಪ ಕಲ್ಲು, ಬಿಳಿ ಮಾರ್ಬಲ್, ಇಳಕಲ್ಲಿನ ಕೆಂಪು ಗ್ರಾನೈಟ್, ಅವರು ಕಪ್ಪು ಗ್ರಾನೈಟ್ ಅನ್ನುವುದು. ಈ ಐದು ಸಿಕ್ಕರೆ ಅರ್ಧ ಪಾಠ ಮುಗಿಯಿತು. ಅಂಗೈ ಅಗಲದ ಚೂರು ಆರಿಸಿ. ಒಂದು ಮೈ ಪಾಲಿಶ್ ಆಗಿರಬೇಕು, ಇನ್ನೊಂದು ಬದಿ ಒಡೆದ ಹಾಗೇ ಇರಬೇಕು. ಪಾಲಿಶ್ ಮಾಡಿದ ಮೈಗೆ ನೀರು ಸವರಿ ಲೆನ್ಸ್ ಹಿಡಿದರೆ ಇಳಕಲ್ ಕಲ್ಲಿನಲ್ಲಿ ಕೆಂಪು ಫೆಲ್ಡ್‌ಸ್ಪಾರ್, ಗಾಜಿನ ಹಾಗೆ ಮಸುಕಾದ ಕ್ವಾರ್ಟ್ಜ್, ನಡುನಡುವೆ ಕಪ್ಪು ಖನಿಜ, ಮೂರೂ ಬೇರೆ ಬೇರೆ ಕಾಣುತ್ತವೆ. ಒಡೆದ ಬದಿ ತಿರುಗಿಸಿದರೆ ಅದೇ ಕಲ್ಲು ಗುಡ್ಡದಲ್ಲಿ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ಯಾವ ರೆಡಿಮೇಡ್ ಪೆಟ್ಟಿಗೆಯಲ್ಲೂ ಇದು ಇಲ್ಲ.

ಕಪ್ಪು ಗ್ರಾನೈಟನ್ನು ಮಾತ್ರ ಕೊನೆಗೆ ಕೊಡುತ್ತೇನೆ. ಅಂಗಡಿಯಲ್ಲಿ ಆ ಹೆಸರಿನಲ್ಲಿ ಮಾರುವುದು ಹೆಚ್ಚಾಗಿ ಡಾಲರೈಟ್ ಇಲ್ಲವೇ ಗ್ಯಾಬ್ರೋ ಅನ್ನುವ ಕಪ್ಪು ಅಗ್ನಿಶಿಲೆ, ಗ್ರಾನೈಟ್ ಅಲ್ಲ. ಗ್ರಾನೈಟ್ ಅಂದರೆ ಕ್ವಾರ್ಟ್ಜ್ ಇರಲೇಬೇಕು. ನಾನು ಹೇಳುವುದಿಲ್ಲ. "ಇದರಲ್ಲಿ ಕ್ವಾರ್ಟ್ಜ್ ಹುಡುಕಿ" ಅನ್ನುತ್ತೇನೆ ಅಷ್ಟೇ. ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿನಿಂದ "ಅಕ್ಕೋರೆ, ಇದರಲ್ಲಿ ಇಲ್ಲವೇ ಇಲ್ಲ, ಇದು ಗ್ರಾನೈಟ್ ಹೇಗಾಗ್ತದೆ?" ಅಂತ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗಾಗಿಯೇ ಇಷ್ಟೆಲ್ಲ ಕಲ್ಲು ಹೊತ್ತಿದ್ದು.

ಕಲ್ಲಿನಲ್ಲಿ ಸುಣ್ಣ ಇದೆಯಾ ಅಂತ ನೋಡುವ ಆಸಿಡ್ ಪರೀಕ್ಷೆಗೆ ಮೊದಲು ಲಿಂಬೆರಸ ಸಾಕು ಅಂದುಕೊಂಡಿದ್ದೆ. ಇಡೀ ಕಲ್ಲಿನ ಮೇಲೆ ಏನೂ ಕಾಣಲಿಲ್ಲ. ಮಾರ್ಬಲನ್ನು ಕುಟ್ಟಿ ಪುಡಿ ಮಾಡಿ, ಆ ಪುಡಿಯ ಮೇಲೆ ರಸ ಹಿಂಡಿ ಲೆನ್ಸಿನಲ್ಲಿ ನೋಡಿದರೆ ಸಣ್ಣ ಗುಳ್ಳೆ ಚೆನ್ನಾಗಿ ಕಾಣುತ್ತವೆ. ಕಡಪ, ಶಹಾಬಾದ್ ಎರಡೂ ಸುಣ್ಣದ ಕಲ್ಲೇ, ಅವೂ ಗುಳ್ಳೆ ಬಿಡುತ್ತವೆ. ಗ್ರಾನೈಟ್ ಬಿಡುವುದಿಲ್ಲ. ಲ್ಯಾಬಿನ ಹೈಡ್ರೋಕ್ಲೋರಿಕ್ ಆಸಿಡ್ ತೆಳು ಮಾಡಿ ಡ್ರಾಪರಿನಲ್ಲಿ ಹಾಕಿದರೆ ಇನ್ನೂ ಜೋರು. ಅದನ್ನು ಮಕ್ಕಳ ಕೈಗೆ ಕೊಡಬೇಡಿ, ನೀವೇ ಹಾಕಿ. ಯಾಣದ ಬಂಡೆಯೂ ಸುಣ್ಣದ ಕಲ್ಲೇ ಅಂತ ಆಗ ಹೇಳಿದರೆ ಮಕ್ಕಳ ಕಣ್ಣು ಅರಳುತ್ತದೆ, ಪ್ರವಾಸ ಹೋದಾಗ ಎಲ್ಲರೂ ನೋಡಿದ್ದೇ ಅಲ್ವಾ. ಅಲ್ಲಿಂದ ಮಾತ್ರ ಒಂದು ಚೂರೂ ತರಬಾರದು. ಅದು ಕಾಡು, ದೇವಸ್ಥಾನ ಬೇರೆ. ಕಡಪ ಕಲ್ಲು ತೋರಿಸಿದರೆ ಸಾಕು.

ಕಲ್ಲನ್ನು ಉಜ್ಜಿ ಅದರ ಪುಡಿಯ ಬಣ್ಣ ನೋಡುವುದು ಗೆರೆ ಎಳೆಯುವ ಪರೀಕ್ಷೆ, ಅದಕ್ಕೆ ಬಾತ್‌ರೂಮ್ ಟೈಲಿನ ಹಿಂಬದಿ. ದುಡ್ಡು ಕೊಟ್ಟು ಪ್ಲೇಟ್ ತರಿಸುವುದು ದಂಡ. ಬಳ್ಳಾರಿ ಕಡೆಯ ಹೆಮಟೈಟ್ ಅನ್ನುವ ಕಬ್ಬಿಣದ ಅದಿರು ನೋಡಲು ಬೂದು ಬಣ್ಣ, ಟೈಲಿಗೆ ಉಜ್ಜಿದರೆ ಕೆಂಪು ಗೆರೆ. ಜೋಯಿಡಾ ಕಡೆಯ ಹಳೇ ಮ್ಯಾಂಗನೀಸ್ ಅದಿರು ಮುಟ್ಟಿದರೇ ಕೈ ಕಪ್ಪು. ಇವೆರಡನ್ನೂ ಹಳೆ ವಿದ್ಯಾರ್ಥಿಗಳು ತಂದುಕೊಟ್ಟರು.

ಇನ್ನು ಚಿರೇಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ನಮ್ಮ ಕರಾವಳಿಯಲ್ಲಿ ಅರ್ಧ ಮನೆಗಳು ಇದರದ್ದೇ, ಮಿರ್ಜಾನ್ ಕೋಟೆಯೂ ಇದರದ್ದೇ. ಆದರೂ ಇದು ಪಾಠದೊಳಗೆ ಬರುವುದೇ ಇಲ್ಲ. ಕ್ವಾರಿಗೆ ಹೋಗಿ ಒಂದು ತುಂಡು ಕೇಳಿದಾಗ "ಅಕ್ಕೋರೆ, ಮನೆ ಕಟ್ತೀರಾ?" ಅಂತ ಕೇಳಿದರು. ಶಾಲೆಗೆ ಅಂದ ಮೇಲೆ ದುಡ್ಡು ಮುಟ್ಟಲಿಲ್ಲ. ಅವತ್ತೇ ಕಡಿದ ಕಲ್ಲಿಗೆ ಮೊಳೆಯಿಂದ ಗೀರಿದರೆ ಮೆತ್ತಗೆ ಪುಡಿ ಉದುರುತ್ತದೆ. ಹಳೇ ಕಾಂಪೌಂಡಿನಿಂದ ಬಿದ್ದ ಕಲ್ಲಿಗೆ ಅದೇ ಮೊಳೆ ಹಾಕಿ ನೋಡಿ, ಜಾರಿಹೋಗುತ್ತದೆ. ಗಾಳಿ ಬಿಸಿಲಿಗೆ ಒಣಗಿ ಗಟ್ಟಿಯಾಗುವುದೇ ಇದರ ಗುಣ. ಲಕ್ಷಾಂತರ ವರ್ಷದ ಮಳೆ ಬಂಡೆಯೊಳಗಿನ ಸಿಲಿಕಾ ತೊಳೆದುಕೊಂಡು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದದ್ದು ಅಂತ ಆಮೇಲೆ ಹೇಳಿದರೆ ತಲೆಗೆ ಹೋಗುತ್ತದೆ, ಮೊದಲೇ ಹೇಳಿದರೆ ಹೋಗುವುದಿಲ್ಲ. ಫ್ರಾನ್ಸಿಸ್ ಬುಕನನ್ 1800ರ ಸುಮಾರಿಗೆ ಮಲಬಾರಿನಲ್ಲಿ ನೋಡಿ ಲ್ಯಾಟರೈಟ್ ಅಂತ ಬರೆದದ್ದು ಇದೇ ಕಲ್ಲು.

ಗುರುತು ಹಾಕುವುದೇ ನಮಗೆ ದೊಡ್ಡ ತಲೆನೋವಾಗಿತ್ತು. ಫೆವಿಕಾಲ್, ಸೆಲ್ಲೋ ಟೇಪು, ಮಾರ್ಕರ್, ಎಲ್ಲ ಮಳೆಗಾಲಕ್ಕೆ ಸೋತವು. ಕೊನೆಗೆ ಕಲ್ಲಿನ ಮೂಲೆಗೆ ಬಿಳಿ ನೇಲ್ ಪಾಲಿಶ್ ಬೊಟ್ಟು, ಒಣಗಿದ ಮೇಲೆ ಸಣ್ಣ ಪೆನ್ನಿನಲ್ಲಿ ನಂಬರ್, ಅದರ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್. ಮ್ಯೂಸಿಯಮ್‌ಗಳಲ್ಲೂ ಹೆಚ್ಚುಕಡಿಮೆ ಹೀಗೇ ಮಾಡುತ್ತಾರೆ. ನಂಬರ್ ಅಷ್ಟೇ, ಹೆಸರಿಲ್ಲ. ಹೆಸರಿನ ಪಟ್ಟಿ ನನ್ನ ಹತ್ತಿರ. ಪೆಟ್ಟಿಗೆ, ಲೆನ್ಸು, ಪಾಲಿಶ್ ಎಲ್ಲ ಸೇರಿ ಏಳೆಂಟು ನೂರು ರೂಪಾಯಿ ಆಗಿರಬಹುದು, ಅದರಲ್ಲಿ ಜಾಸ್ತಿ ಹೋದದ್ದು ಲೆನ್ಸಿಗೆ.

ನಡುವೆ ಮರಳಿನ ಹುಚ್ಚೂ ಹಿಡಿಯಿತು. ಹೋಮಿಯೋಪತಿ ಸೀಸೆಗಳಲ್ಲಿ ಟ್ಯಾಗೋರ್ ಬೀಚ್, ದೇವಬಾಗ, ಗೋಕರ್ಣ, ಮಾಜಾಳಿ ಹತ್ತಿರದ ತಿಳ್ಮಾತಿಯ ಕಪ್ಪು ಮರಳು, ಎಲ್ಲ ಒಂದೊಂದು ಚಮಚ. ಸೀಸೆಯೊಳಗೆ ಮರಳು ಗಂಟು ಕಟ್ಟುತ್ತಿತ್ತು, ಉಪ್ಪು ತೇವ ಎಳೆಯುವುದರಿಂದ. ಸಿಹಿನೀರಿನಲ್ಲಿ ಮೂರು ಸಲ ತೊಳೆದು ಕಾವಲಿ ಮೇಲೆ ಒಣಗಿಸಿದ ಮೇಲೆ ಆ ಕಾಟ ಇಲ್ಲ. ಒಡೆದ ಸ್ಪೀಕರಿನ ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ದಂಡೆಯ ಕಪ್ಪು ಗೆರೆಯಲ್ಲಿ ಎಳೆದರೆ ಮ್ಯಾಗ್ನಟೈಟ್ ಅನ್ನುವ ಕಬ್ಬಿಣದ ಅದಿರಿನ ಕಣ ಮೆತ್ತಿಕೊಂಡು ಬರುತ್ತವೆ. ಚೀಲ ಸುತ್ತದಿದ್ದರೆ ಬಿಡಿಸುವುದರಲ್ಲೇ ಪಿರಿಯಡ್ ಮುಗಿಯುತ್ತದೆ. ಸಾಣಿಕಟ್ಟಾದ ಉಪ್ಪಿನಿಂದ ಹರಳು ಬೆಳೆಸುವುದು ಏಪ್ರಿಲ್‌ನಲ್ಲಿ ಚೆನ್ನಾಗಿ ಆಯಿತು, ಜುಲೈನಲ್ಲಿ ಬಟ್ಟಲಲ್ಲಿ ನೀರು ಹಾಗೇ ನಿಂತಿತ್ತು.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿ 66ರ ಮೇಲೆ, ಗಂಗಾವಳಿ ನದಿಗೆ ಬಿದ್ದ ಮೇಲೆ ಪಾಠವೇ ಬದಲಾಯಿತು. ಮಕ್ಕಳು ಕೇಳುವುದು ಒಂದೇ, ಗುಡ್ಡ ಯಾಕೆ ಜಾರುತ್ತದೆ? ಚಿತ್ರ ಬಿಡಿಸಿ ಇದಕ್ಕೆ ಉತ್ತರ ಹೇಳಲು ನನಗೆ ಮನಸ್ಸಾಗಲಿಲ್ಲ. ಒಡೆದ ಅಕ್ವೇರಿಯಂ ಒಂದು ತಂದೆ, ನೂರೈವತ್ತಕ್ಕೋ ಏನೋ. ಒಳಗೆ ಓರೆ ಹಲಗೆ, ಅದರ ಮೇಲೆ ಶೇಡಿ ಮಣ್ಣಿನ (ಚಿರೇಕಲ್ಲಿನ ಅಡಿಗೆ ಸಿಗುವ ಬಿಳಿ ಜೇಡಿಮಣ್ಣು) ಪದರ, ಮೇಲೆ ಚಿರೇಕಲ್ಲಿನ ಪುಡಿ. ಝಾರಿಯಿಂದ ನೀರು. ಬರೀ ಮರಳು ಹಾಕಿದಾಗ ಎಲ್ಲ ಒಟ್ಟಿಗೆ ಕುಸಿದು ಏನೂ ತಿಳಿಯುತ್ತಿರಲಿಲ್ಲ, ಬರೀ ಶೇಡಿ ಹಾಕಿದರೆ ಹಲಗೆಗೆ ಅಂಟಿ ಕೂರುತ್ತಿತ್ತು. ಈಗಿನದು ನಾನು ಹೇಳಿದ ಹಾಗೆ ಕೇಳುತ್ತದೆ. ಎಷ್ಟು ಭಾಗಕ್ಕೆ ಎಷ್ಟು, ನಡುವೆ ಏನು ಸವರಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಶಾಲೆಗೆ ಬನ್ನಿ, ಮಾಡಿ ತೋರಿಸುತ್ತೇನೆ.

ಒಂದೇ ಅಳತೆಯ ನೀರನ್ನು ಎರಡು ಸಲ ಹಾಕುತ್ತೇವೆ. ಮೊದಲ ಸಲ ಇಳಿಜಾರು ಹಾಗೇ ಇರುತ್ತದೆ, ಮೇಲೆ ಸಣ್ಣ ಬಿರುಕು ಬಂದರೂ ನಿಲ್ಲುತ್ತದೆ. ಎರಡನೇ ಸಲ ಬುಡವನ್ನು ಚಮಚದಿಂದ ನೆಟ್ಟಗೆ ಕಡಿಯುತ್ತೇವೆ, ರಸ್ತೆಗೆ ಗುಡ್ಡ ಕಡಿದ ಹಾಗೆ. ಗಾಜಿನ ಬದಿಯಿಂದ ನೋಡಿದರೆ ನೀರು ಕೆಂಪು ಪುಡಿಯೊಳಗೆ ಇಳಿದು ಶೇಡಿಯ ಮೇಲೆ ನಿಲ್ಲುವುದು, ಆ ಗೆರೆ ಗಾಢವಾಗುವುದು, ಆಮೇಲೆ ಮೇಲಿನ ಪದರ ಇಡಿಯಾಗಿ ಜಾರುವುದು ಕಾಣುತ್ತದೆ. ಶಿರೂರಿನಲ್ಲಿ ಏನೇನು ಸೇರಿ ಹಾಗಾಯಿತು ಅನ್ನುವುದು ತಜ್ಞರ ಮಾತು, ಅದನ್ನು ಮಕ್ಕಳಿಗೂ ಹೇಳುತ್ತೇನೆ. ಆದರೆ ಮನೆ ಹಿಂದಿನ ಧರೆಯಲ್ಲಿ ಬಿರುಕು ಕಂಡರೆ ದೊಡ್ಡವರಿಗೆ ಹೇಳಬೇಕು ಅಂತ ನಮ್ಮ ಮಕ್ಕಳಿಗೆ ಈಗ ಗೊತ್ತು.

ಕಳೆದ ವರ್ಷ ನಿವೃತ್ತ ಭೂವಿಜ್ಞಾನಿಯೊಬ್ಬರು ಬಂದಿದ್ದರು. ಪೆಟ್ಟಿಗೆಯಲ್ಲಿ ಇಲ್ಲದ ಕಲ್ಲನ್ನೇ ಜೇಬಿನಿಂದ ತೆಗೆದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಕೈಗಿಟ್ಟರು. ಅವಳು ಹೆಸರು ಹೇಳಲಿಲ್ಲ, ಟೈಲು ಕೇಳಿದಳು. ಗೆರೆ ಎಳೆದಳು, ಮೊಳೆಯಿಂದ ಗೀರಿದಳು, ಲೆನ್ಸ್ ಹಿಡಿದು ಪಟ್ಟೆ ನೋಡಿ "ರೂಪಾಂತರ ಶಿಲೆ, ನಮ್ಮ ಕಡಲ ದಂಡೆಯ ಬಂಡೆ ತರಹದ್ದು" ಅಂದಳು. ಅದು ನೈಸ್, ಶಾಖ ಒತ್ತಡಕ್ಕೆ ಬದಲಾಗಿ ಪಟ್ಟೆ ಬಂದ ಬಂಡೆ. ಸ್ಟಾಫ್ ರೂಮಿನವರೆಲ್ಲ ಅಲ್ಲೇ ನಿಂತಿದ್ದರು, ಆಮೇಲೆ ಯಾರೂ ಪುಸ್ತಕದ ಚಿತ್ರದ ಮಾತು ಎತ್ತಿಲ್ಲ.

ನಕ್ಷೆ ಬೇಕಾದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ವೆಬ್‌ಸೈಟ್ ನೋಡಿ, ದುಡ್ಡಿಲ್ಲ. ನಿಮ್ಮ ತಾಲೂಕಿನ ಭಾಗ ಕಲರ್ ಪ್ರಿಂಟ್ ತೆಗೆಸಿ ಲ್ಯಾಮಿನೇಟ್ ಮಾಡಿಸಿ. ಶೇಡಿ ಮಣ್ಣನ್ನು ಮಾತ್ರ ಮೇ ಮುಗಿಯುವುದರೊಳಗೆ ತಂದು ಒಣಗಿಸಿ ಡಬ್ಬಿಗೆ ತುಂಬಿಡಿ. ಮಳೆ ಶುರುವಾದ ಮೇಲೆ ಕಡಿದ ಗುಡ್ಡದ ಬುಡಕ್ಕೆ ಮಣ್ಣು ತರಲು ಯಾರೂ ಹೋಗಬಾರದು.