ಬೀದಿಬದಿಯ ಸಸಿ ಮರವಾಗಬೇಕಾದರೆ: ನಮ್ಮ ಬಡಾವಣೆಯ ಅನುಭವ

ಬೆಂಗಳೂರಿನಲ್ಲಿ ಫುಟ್‌ಪಾತಿನ ಸಸಿ ಒಣಗಿದರೆ ಎಲ್ಲರೂ ನೀರು ಹಾಕಲಿಲ್ಲ ಎನ್ನುತ್ತಾರೆ. ನಾನು ಮೊದಲು ನೋಡುವುದು ಗುಂಡಿಯನ್ನು. ಚಪ್ಪಡಿ ಎತ್ತಿದರೆ ಅಡಿಯಲ್ಲಿ ಸಿಗುವುದು ಮಣ್ಣಿಗಿಂತ ಹೆಚ್ಚಾಗಿ ಜಲ್ಲಿ, ಇಟ್ಟಿಗೆ ಚೂರು, ಹಳೆ ಗಾರೆ. ಸಿಮೆಂಟಿನ ಪುಡಿ ಬೆರೆತ ಮಣ್ಣು ಕ್ಷಾರವಾಗುತ್ತದೆ. ಆಗ ಕಬ್ಬಿಣದ ಅಂಶ ಬೇರಿಗೆ ದಕ್ಕದೆ, ಚಿಗುರೆಲೆಯ ನರಗಳಷ್ಟೇ ಹಸಿರಾಗಿ ಉಳಿದು ಮಿಕ್ಕದ್ದು ಹಳದಿಯಾಗುತ್ತದೆ. ಮೇಲಿಂದ ಗೊಬ್ಬರ ಸುರಿದರೆ ಇದು ಸರಿಹೋಗದು.

ಹಾಗಾಗಿ ಏಪ್ರಿಲ್–ಮೇ ತಿಂಗಳಲ್ಲೇ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಗುಂಡಿ ತೋಡಿಸುತ್ತೇವೆ. ಫುಟ್‌ಪಾತು ಪಾಲಿಕೆಯದು, ಅರಣ್ಯ ವಿಭಾಗಕ್ಕೆ ಮೊದಲೇ ತಿಳಿಸಬೇಕು. ನೀರು ಬಿಡುವವರನ್ನೂ ಲೈನ್‌ಮನ್‌ನನ್ನೂ ಕರೆದು ಕಾವೇರಿ ಪೈಪು, ಒಳಚರಂಡಿ, ಕೇಬಲ್ಲು ಎಲ್ಲಿ ಹಾದಿವೆ ಎಂದು ಕೇಳದೆ ಪಿಕಾಸಿ ಎತ್ತಬಾರದು. ತೆಗೆದ ಕಸಮಣ್ಣನ್ನು ಪೂರ್ತಿ ಸಾಗಿಸಬೇಕು. ಅರ್ಧವನ್ನಾದರೂ ವಾಪಸು ತುಂಬೋಣ ಎಂದು ಕೂಲಿಯವರು ಹೇಳುತ್ತಾರೆ, ಒಪ್ಪಬೇಡಿ. ಸಂಜೆ ಗುಂಡಿಗೆ ಅರ್ಧದವರೆಗೆ ನೀರು ತುಂಬಿ ಬಿಡಿ. ಬೆಳಿಗ್ಗೆಯೂ ನಿಂತೇ ಇದ್ದರೆ ತಳ ಗಟ್ಟಿಯಾಗಿದೆ ಎಂದರ್ಥ. ಹಾರೆಯಿಂದ ನಾಲ್ಕೈದು ಕಡೆ ಒಂದಡಿ ಆಳಕ್ಕೆ ಒಡೆದು ಮತ್ತೆ ಪರೀಕ್ಷಿಸಬೇಕು. ನೀರು ಇಂಗದ ಗುಂಡಿಯಲ್ಲಿ ಮಳೆಗಾಲದಲ್ಲೇ ಬೇರು ಕೊಳೆಯುತ್ತದೆ. ಸಸಿ ನೆಡುವವರೆಗೆ ಗುಂಡಿಯ ಮೇಲೆ ಚಪ್ಪಡಿ ಮುಚ್ಚಿರಲೇಬೇಕು, ರಾತ್ರಿ ಯಾರಾದರೂ ಬಿದ್ದಾರು.

ತುಂಬಲು ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಗುಂಡಿಗೆ ಅರ್ಧ ಕಿಲೋ ಬೇವಿನ ಹಿಂಡಿ. ಹಸಿ ಸಗಣಿ ಬೇಡ, ಅದರ ಕಾವಿಗೆ ಬೇರು ಬೇಯುತ್ತದೆ, ಗೆದ್ದಲೂ ಬರುತ್ತದೆ.

ಜಾತಿಯ ಆಯ್ಕೆಗೆ ಮೊದಲು ತಲೆ ಎತ್ತಿ ನೋಡಿ. ವಿದ್ಯುತ್ ತಂತಿ ಇದ್ದರೆ ಪಾರಿಜಾತ, ದೇವಕಣಗಿಲೆಯಂಥ ಗಿಡ್ಡ ಮರ. ತೆರೆದ ಆಕಾಶವಿದ್ದರೆ ಹೊಂಗೆ, ಹೊಳೆದಾಸವಾಳ, ಬೇವು. ನನ್ನ ಮೊದಲ ಆಯ್ಕೆ ಹೊಂಗೆ: ಬೇಸಿಗೆಯ ಹೊಸ್ತಿಲಲ್ಲಿ ಎಲೆ ಉದುರಿಸಿ, ಬಿಸಿಲು ಏರುವ ಹೊತ್ತಿಗೆ ಹೊಸ ಎಲೆಯ ನೆರಳು ಕೊಡುತ್ತದೆ. ಅದರ ಎಲೆಯ ಮೇಲೆ ಏಳುವ ಗಂಟುಗಳನ್ನು ಕಂಡು ಔಷಧಿ ಹೊಡೆಯಲು ಹೋಗಬೇಡಿ. ಅದು ನುಸಿಯ ಕೆಲಸ, ಮರ ಸಾಯುವುದಿಲ್ಲ. ಗುಲ್‌ಮೊಹರ್ ಕಣ್ಣಿಗೆ ಹಬ್ಬ, ಆದರೆ ಕೊಂಬೆ ಪೆಡಸು, ಬೇರು ಮೇಲ್ಮಟ್ಟದ್ದು. ಕಿರಿದಾದ ಫುಟ್‌ಪಾತಿಗೆ ಅದು ಬೇಡ. ಹಿಂದೆ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರು ಊರಿನಲ್ಲಿ ಸರದಿಯಂತೆ ಹೂ ಬಿಡುವ ಮರಗಳನ್ನು ಯೋಜಿಸಿದಾಗ ಬೇರಿಗೆ ತೆರೆದ ಮಣ್ಣಿತ್ತು. ಇಂದು ನಾಲ್ಕಡಿ ಅಂಚಿನಲ್ಲಿ ಅದೇ ಪಟ್ಟಿಯನ್ನು ಹಿಡಿದು ಹೊರಡುವುದು ಸರಿಯಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಬೆಳೆದ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ತಪ್ಪು ಜಾತಿಯನ್ನು ಆಮೇಲೆ ಬದಲಿಸುವುದು ಸುಲಭವಲ್ಲ.

ನರ್ಸರಿಯಲ್ಲಿ ಆರರಿಂದ ಎಂಟಡಿ ಎತ್ತರದ, ಹೆಬ್ಬೆರಳು ಗಾತ್ರದ, ತುದಿ ಮುರಿಯದ ಸಸಿ ಆರಿಸಿ. ಚೀಲವನ್ನು ಅಲುಗಾಡಿಸಿ ನೋಡಿ. ಬೇರು ಚೀಲ ತೂತಾಗಿಸಿ ನೆಲಕ್ಕಿಳಿದಿದ್ದರೆ ಎತ್ತುವಾಗ ಕಿತ್ತುಹೋಗಿ, ನೆಟ್ಟ ವಾರದಲ್ಲೇ ಸಸಿ ಬಾಡುತ್ತದೆ. ಅಂಥದ್ದೇ ಬೇಕಿದ್ದರೆ ಬೇರು ಕತ್ತರಿಸಿ ಎರಡು ವಾರ ನೆರಳಲ್ಲಿಟ್ಟು ಕೊಡಿ ಎಂದು ಕೇಳಬೇಕು.

ಅತಿ ಮುಖ್ಯವಾದದ್ದು ಚೀಲದೊಳಗೆ ಸುತ್ತಿಕೊಂಡ ಬೇರು. ಅದನ್ನು ಹಾಗೆಯೇ ನೆಟ್ಟರೆ ಎರಡು ಮೂರು ವರ್ಷ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಬುಡ ದಪ್ಪವಾದಂತೆ ಅದೇ ಬೇರು ಕಾಂಡವನ್ನು ಬಿಗಿಯುತ್ತದೆ, ಹಿಡಿತವಿಲ್ಲದ ಮರ ಗಾಳಿಮಳೆಗೆ ಬುಡಸಮೇತ ಉರುಳುತ್ತದೆ. ಚೀಲವನ್ನು ಉದ್ದಕ್ಕೆ ಸೀಳಿ ಪೂರ್ತಿ ತೆಗೆಯಿರಿ. ತಳದ ಒಂದಿಂಚು ಬೇರಿನ ಸುರುಳಿಯನ್ನು ಚೂಪಾದ ಕತ್ತಿಯಿಂದ ಕೊಯ್ದು, ಸುತ್ತಲೂ ಮೂರು ನಾಲ್ಕು ಕಡೆ ಮೇಲಿನಿಂದ ಕೆಳಕ್ಕೆ ಅರ್ಧ ಇಂಚು ಆಳದ ಗೀರು ಹಾಕಿ. ಹೊಸಬರಿಗೆ ಕೈ ನಡುಗುತ್ತದೆ, ಆದರೆ ಮಳೆಗಾಲದಲ್ಲಿ ಸಸಿ ಇದನ್ನು ತಡೆದುಕೊಳ್ಳುತ್ತದೆ.

ನೆಡುವುದು ಜೂನ್–ಜುಲೈನಲ್ಲಿ, ಎರಡು ಹದಮಳೆ ಬಿದ್ದ ಮೇಲೆ. ಕಾಂಡವೂ ಬೇರೂ ಕೂಡುವ ಕುತ್ತಿಗೆ ಮಣ್ಣಿನ ಮೇಲೆಯೇ ಇರಬೇಕು. ಅರ್ಧ ಅಡಿಗೊಮ್ಮೆ ಮಣ್ಣು ತುಳಿದು ನೀರು ಹೊಯ್ಯದಿದ್ದರೆ ತುಂಬಿದ ಮಣ್ಣು ಕುಸಿದು ಸಸಿ ಕೆಳಗಿಳಿಯುತ್ತದೆ, ಕುತ್ತಿಗೆ ಹೂತು ತೊಗಟೆ ಕೊಳೆಯುತ್ತದೆ. ಮಣ್ಣಿನ ಗಡ್ಡೆಯಾಚೆ ಎರಡು ಕೋಲು ನೆಟ್ಟು, ಹಳೆ ಸೈಕಲ್ ಟ್ಯೂಬಿನಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಸ್ವಲ್ಪ ತೂಗಾಡಿದರೆ ಕಾಂಡ ದಪ್ಪವಾಗುತ್ತದೆ. ತಂತಿಯನ್ನು ಬಳಸಲೇಬೇಡಿ.

ಮಳೆ ಬಿಡುವು ಕೊಟ್ಟರೆ ಮೊದಲ ತಿಂಗಳು ದಿನ ಬಿಟ್ಟು ದಿನ ನೀರು. ಫೆಬ್ರವರಿಯಿಂದ ಮೇ ತನಕ ವಾರಕ್ಕೆರಡು ಸಲ 20 ಲೀಟರ್. ಮರುವರ್ಷದ ಬೇಸಿಗೆಯಲ್ಲಿ ವಾರಕ್ಕೊಮ್ಮೆ 40 ಲೀಟರ್. ದಿನವೂ ಒಂದೊಂದು ಚೊಂಬು ಹಾಕಿದರೆ ಬೇರು ಮೇಲೆಯೇ ಉಳಿದುಬಿಡುತ್ತದೆ. ಆರ್‌ಓ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚು, ಅದನ್ನು ಸಸಿಗೆ ಹಾಕಬಾರದು. ಪಾತಿಗೆ ಮೂರಿಂಚು ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ. ಇದಕ್ಕಾಗಿ ಬೀದಿ ಗುಡಿಸುವವರೊಂದಿಗೆ ಮಾತಾಡಿಕೊಂಡಿರುವುದು ಒಳ್ಳೆಯದು: ಬುಡದಲ್ಲಿ ಎಲೆ ಸುಡುವುದು ನಿಲ್ಲುತ್ತದೆ, ಗುಡಿಸಿದ ಎಲೆಯೂ ಸಿಗುತ್ತದೆ.

ಕೆಳಗಿನ ಕೊಂಬೆಗಳನ್ನು ಮೊದಲ ವರ್ಷವೇ ಸವರಿದರೆ ಕಾಂಡ ಸೊರಗುತ್ತದೆ. ಅರ್ಧಕ್ಕೆ ಮೊಟಕು ಮಾಡಿ ಉಳಿಸಿಕೊಂಡು, ಮೂರನೆಯ ವರ್ಷದಿಂದ ಒಂದೊಂದಾಗಿ ತೆಗೆದು ಎಂಟಡಿ ಎತ್ತರದವರೆಗೆ ದಾರಿ ಬಿಡಿಸಿ. ಕೋಲು ಒಂದು ವರ್ಷಕ್ಕೆ ಸಾಕು. ಕಬ್ಬಿಣದ ಬೇಲಿಯನ್ನು ಕಾಂಡ ಸರಳಿಗೆ ತಾಗುವ ಮುನ್ನ ಬಿಚ್ಚಬೇಕು. ಫುಟ್‌ಪಾತು ದುರಸ್ತಿಗೆ ಬಂದ ದಿನ ಯಾರಾದರೊಬ್ಬರು ಅಲ್ಲಿ ನಿಂತು, ಬುಡದ ಸುತ್ತ ಮೂರಡಿ ಚೌಕಕ್ಕೆ ಕಾಂಕ್ರೀಟ್ ಬೀಳದಂತೆ ಸುಣ್ಣದಲ್ಲಿ ಗುರುತು ಹಾಕಿಕೊಡಬೇಕು.