ಗಾಂಧಿ ಬಜಾರಿನ ಮಹಡಿಗೆ ದೀಪ ಹಾಕಿದ್ದು

ದೀಪಾಲಂಕಾರದ ಕೆಲಸಕ್ಕೆ ನಾನು ಇಳಿದಾಗ ಸೀರಿಯಲ್ ಸೆಟ್ಟಿನ ಕಾಲ. 6.3 ವೋಲ್ಟಿನ ಪುಟ್ಟ ಬಲ್ಬುಗಳು. 230 ವೋಲ್ಟಿನ ಲೈನಿಗೆ ಹೊಂದಬೇಕೆಂದರೆ ಒಂದು ಸರಕ್ಕೆ 36–37 ಬಲ್ಬು ಬೇಕು. ಒಂದು ಸುಟ್ಟರೆ ಇಡೀ ಸರ ಕತ್ತಲು. ಗಣಪತಿ ಪೆಂಡಾಲಿನ ಮುಂದೆ ಅಡಿಕೆ ದಬ್ಬೆಯ ಚೌಕಟ್ಟಿಗೆ ಆ ಸರಗಳನ್ನು ಬಿಗಿದು, ರಾತ್ರಿಯೆಲ್ಲ ಸುಟ್ಟ ಬಲ್ಬು ಹುಡುಕುತ್ತ ಕೂರುವುದೇ ನನಗೆ ಸಿಕ್ಕ ಮೊದಲ ಪಾಠ. ದೀಪ ಓಡುವಂತೆ ಕಾಣಲು ಮರದ ಉರುಳೆಗೆ ತಾಮ್ರದ ಪಟ್ಟಿ ಬಡಿದು ಸಣ್ಣ ಮೋಟಾರಿನಿಂದ ತಿರುಗಿಸುತ್ತಿದ್ದೆವು. ಮದುವೆ ಮನೆಗಳಿಗೆ, ಅಂಗಡಿಗಳಿಗೆ 15 ವ್ಯಾಟಿನ ಬಣ್ಣದ ಬಲ್ಬು. ಒಂದು ಕಟ್ಟಡದ ಅಂಚಿಗೆ 400 ಬಲ್ಬು ಕಟ್ಟಿದರೆ 6 ಕಿಲೋವ್ಯಾಟ್. ಐದು ಗಂಟೆ ಉರಿದರೆ 30 ಯೂನಿಟ್.

ಯೂನಿಟ್ ಲೆಕ್ಕ ನನಗೆ ಬರೀ ಬಿಲ್ಲಿನ ವಿಷಯವಲ್ಲ. ನನ್ನ ಅಜ್ಜಿಯ ತವರು ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ಜೋಗದ ಕೆಳಗೆ ವಿದ್ಯುತ್ ಉತ್ಪಾದನೆ ಶುರುವಾದದ್ದು 1948ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಗದ್ದೆ, ತೋಟ, ದೇವರ ಬನ ಎಲ್ಲ ಬಿಟ್ಟು ಲಾರಿ ಹತ್ತಿ ಬಂದವರು ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲೇ ಊಟ ಮಾಡಿದರು. ಆ ಕಥೆ ಕೇಳಿ ಬೆಳೆದವನು ನಾನು. ಯಾರೂ ನೋಡದ ಗೋಡೆಗೆ ದೀಪ ಉರಿಯುವುದನ್ನು ಕಂಡರೆ ಹೊಟ್ಟೆಯೊಳಗೆ ಏನೋ ಕಿವುಚಿದಂತಾಗುತ್ತದೆ.

ಈಗ ಆ ಮಹಡಿಯ ವಿಷಯ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹಳೆಯ ಎರಡಂತಸ್ತಿನ ಕಟ್ಟಡ. ಕೆಳಗೆ ನಾಲ್ಕು ಅಂಗಡಿ, ಮೇಲೆ ಮರದ ಕಟಾಂಜನ, ಕಂಬದ ತಲೆಗೆ ಕೆತ್ತನೆಯ ಬೋದಿಗೆ, ಮಂಗಳೂರು ಹಂಚಿನ ಸೂರು. ಮಾಲೀಕರು ಗೋಡೆಗೆ ಸುಣ್ಣ ಬಳಿಸಿ, ಮರಕ್ಕೆ ಎಣ್ಣೆ ಹಚ್ಚಿಸಿ, ದಸರೆಯ ಹೊತ್ತಿಗೆ ನನ್ನನ್ನು ಕರೆಸಿದರು. "ಮೈಸೂರು ಅರಮನೆ ಥರ ಝಗಝಗ ಅನ್ನಬೇಕು ಕಣಯ್ಯ, ದುಡ್ಡಿಗೆ ಯೋಚನೆ ಮಾಡ್ಬೇಡ" ಅಂದರು. ನಾನೂ ಹುರುಪಿನಲ್ಲಿದ್ದೆ. 50 ವ್ಯಾಟಿನ, ಬಣ್ಣ ಬದಲಾಯಿಸುವ ಫ್ಲಡ್ ಲೈಟು 24 ತರಿಸಿದೆ. ಕೆಂಪು, ನೀಲಿ, ಹಸಿರು, ನೇರಳೆ. ಆಯುಧಪೂಜೆಯ ಹಿಂದಿನ ದಿನ ಸ್ವಿಚ್ ಹಾಕಿದಾಗ ಬೀದಿಯವರೆಲ್ಲ ಮೊಬೈಲ್ ಎತ್ತಿದರು. ಮಾಲೀಕರು ನನ್ನ ಬೆನ್ನು ತಟ್ಟಿದರು. ನನಗೂ ಎದೆಯುಬ್ಬಿತ್ತು.

ಹಬ್ಬ ಮುಗಿದು ಹತ್ತು ದಿನಕ್ಕೆ ಬಾಕಿ ಹಣ ತರಲು ಸಂಜೆ ಹೋದೆ. ಕಟ್ಟಡದ ಕೆಳಗೆ ಹೂ ಮಾರುವ ಅಕ್ಕ ತನ್ನ ಬುಟ್ಟಿಯ ಮೇಲೆ ಒಂದು ಚಿಕ್ಕ ಬಲ್ಬು ತೂಗುಹಾಕಿಕೊಂಡಿದ್ದಳು. ಮೇಲೆ 1,200 ವ್ಯಾಟ್ ಉರಿಯುತ್ತಿರುವಾಗ ಇದ್ಯಾಕಕ್ಕಾ ಎಂದೆ. "ನಿನ್ನ ನೀಲಿ ಬೆಳಕಿಗೆ ಕನಕಾಂಬರ ಕರ್ರಗೆ ಕಾಣ್ತದೆ ತಮ್ಮಾ. ಬಾಡಿದ ಹೂವು ಅಂತ ಜನ ಮುಂದಕ್ಕೆ ಹೋಗ್ತಾರೆ" ಅಂದಳು. ಪಕ್ಕದ ಸೀರೆ ಅಂಗಡಿಯವರದ್ದೂ ಅದೇ ತಕರಾರು. ಬಾಗಿಲ ಬಳಿ ತೂಗುಹಾಕಿದ ಸೀರೆಯ ಬಣ್ಣ ನಿಮಿಷಕ್ಕೊಂದು ಸಲ ಬದಲಾದರೆ ಗಿರಾಕಿ ಏನು ನೋಡಿ ಕೊಳ್ಳಬೇಕು? ಬೆಳಕು ಎಷ್ಟು ಪ್ರಖರ ಅನ್ನುವುದನ್ನಷ್ಟೇ ನಾನು ಲೆಕ್ಕ ಹಾಕಿದ್ದೆ. ವಸ್ತುವಿನ ಬಣ್ಣವನ್ನು ಅದು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ ಬೇರೆಯೇ ಇದೆ, ಅದನ್ನು ಸಿಆರ್‌ಐ ಅನ್ನುತ್ತಾರೆ. ಹೂವು, ಬಟ್ಟೆ, ಹಣ್ಣು ಮಾರುವ ಕಡೆ ಅದು 90ರ ಮೇಲಿದ್ದರೆ ಒಳ್ಳೆಯದು. ಬಣ್ಣ ಬದಲಾಯಿಸುವ ಫ್ಲಡ್ ಲೈಟಿನಿಂದ ಅದನ್ನು ನಿರೀಕ್ಷಿಸುವಂತಿಲ್ಲ.

ಎದುರು ಮಹಡಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅಂದು ಮೇಲಿನಿಂದಲೇ ಕರೆದು ಕಾಫಿ ಕೊಟ್ಟರು. ಕೋಣೆಯ ಕಿಟಕಿಗೆ ಹಳೇ ಕಂಬಳಿ ಹೊದಿಸಿತ್ತು. ಅದನ್ನು ಸರಿಸಿದರು. ನಾನು ಮಾತಾಡದೆ ಕೂತೆ. ಗೋಡೆ ಕೆಂಪಾಯಿತು, ದೇವರ ಪಟ ನೀಲಿಯಾಯಿತು, ಅಜ್ಜಿಯ ಮುಖ ಹಸಿರಾಯಿತು. "ರಾತ್ರಿ ಹನ್ನೊಂದರ ತನಕ ಹೀಗೇ ಕಣಪ್ಪ. ಸೆಕೆ ಅಂದ್ರೂ ಕಿಟಕಿ ತೆಗೆಯೋ ಹಾಗಿಲ್ಲ" ಅಂದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲವೇನೋ.

ಮೈಸೂರು ಅರಮನೆಯ ಮಾತು ಆಮೇಲೆ ತಲೆಯಲ್ಲಿ ತಿರುಗುತ್ತಲೇ ಇತ್ತು. ಅಲ್ಲಿ ಸುಮಾರು ಒಂದು ಲಕ್ಷ ಬಲ್ಬು. ಆದರೆ ಎದುರಿಗೆ ದೊಡ್ಡ ಬಯಲಿದೆ, ದೂರ ನಿಂತು ನೋಡಬಹುದು. ಬಲ್ಬು ಗೋಡೆಯನ್ನು ಬೆಳಗುವುದಿಲ್ಲ, ಕಮಾನು ಗೋಪುರಗಳ ಅಂಚನ್ನು ಮಾತ್ರ ಬರೆಯುತ್ತದೆ. ಅದೂ ಭಾನುವಾರ, ರಜಾದಿನಗಳಲ್ಲಿ, ಒಂದಿಷ್ಟು ಹೊತ್ತು. ಗಾಂಧಿ ಬಜಾರಿನಲ್ಲಿ ಎದುರು ಗೋಡೆಗೂ ಈ ಗೋಡೆಗೂ ನಡುವೆ ಒಂದು ಗಾಡಿ, ಎರಡು ಸ್ಕೂಟರ್, ನಾಲ್ಕು ಜನ. ಅಲ್ಲಿ ಯಾರೂ ಕಟ್ಟಡವನ್ನು ಪೂರ್ತಿಯಾಗಿ ನೋಡುವುದಿಲ್ಲ; ಅದರ ಕೆಳಗೆ ನಡೆಯುತ್ತಾರೆ, ಚೌಕಾಸಿ ಮಾಡುತ್ತಾರೆ, ತೀರ್ಥಹಳ್ಳಿ ಬಸ್ಸಿಗೆ ಹೊತ್ತಾಯಿತೆಂದು ಓಡುತ್ತಾರೆ.

ಮಾಲೀಕರ ಬಳಿ ಹೋಗಿ, ನನ್ನ ಖರ್ಚಿನಲ್ಲೇ ಬದಲಾಯಿಸುತ್ತೇನೆ, ಒಂದು ಅವಕಾಶ ಕೊಡಿ ಎಂದು ಕೇಳಿದೆ. ಮೂರು ದಿನ ಒಪ್ಪಲಿಲ್ಲ. ನಾಲ್ಕನೇ ದಿನ ಸಂಜೆ ಅವರನ್ನೇ ಬೀದಿಗೆ ಕರೆದೆ. ದೀಪವನ್ನೆಲ್ಲ ಆರಿಸಿ, ಕೈಯಲ್ಲಿ ಒಂದು ಟಾರ್ಚ್ ಹಿಡಿದು ಕಟ್ಟಡದ ಒಂದೊಂದೇ ಭಾಗಕ್ಕೆ ಬೆಳಕು ಬಿಟ್ಟೆ. ಬೋದಿಗೆಯ ಕೆಳಗಿನಿಂದ ಟಾರ್ಚ್ ಹಿಡಿದಾಗ ಕೆತ್ತನೆಯ ಎಲೆಬಳ್ಳಿ ಎದ್ದು ಬಂತು. "ಇದು ಇಲ್ಲಿತ್ತಾ?" ಎಂದರು. ಹುಟ್ಟಿದಂದಿನಿಂದ ಅದೇ ಮನೆಯಲ್ಲಿದ್ದವರು.

ಹೊಸ ಯಾರನ್ನಾದರೂ ಕೆಲಸಕ್ಕೆ ಸೇರಿಸಿಕೊಂಡರೆ ನಾನು ಕಲಿಸುವ ಮೊದಲ ವಿದ್ಯೆ ಈಗ ಈ ಟಾರ್ಚೇ. ದೀಪ ಕೊಳ್ಳುವ ಮೊದಲು ಮುಸ್ಸಂಜೆಯಲ್ಲಿ ಟಾರ್ಚ್ ಹಿಡಿದು ಒಂದು ಗಂಟೆ ಓಡಾಡಬೇಕು. ಗೋಡೆಗೆ ಒಂದು ಗೇಣು ದೂರದಲ್ಲಿ ಕೆಳಗಿನಿಂದ ಬೆಳಕು ಬಿಟ್ಟರೆ ಗಾರೆಯ ಏರಿಳಿತವೆಲ್ಲ ಜೀವ ತಳೆಯುತ್ತದೆ, ಬಿರುಕಿದ್ದರೆ ಅದೂ ಎದ್ದು ಕಾಣುತ್ತದೆ. ದೂರದಿಂದ ನೇರ ಬಿಟ್ಟರೆ ಗೋಡೆ ಚಪ್ಪಟೆಯಾಗುತ್ತದೆ. ಕೊನೆಗೆ ಉಳಿದದ್ದು 6 ವ್ಯಾಟಿನ 17 ದೀಪ: ಬೋದಿಗೆಗಳಿಗೆ ಎಂಟು, ಸೂರಿನ ಅಡಿಗೆ ಆರು, ಮೆಟ್ಟಿಲ ಕಮಾನಿಗೆ ಎರಡು, ಮೂಲೆಯ ಚಹಾ ಗಾಡಿಯ ಕಡೆಗೆ ಒಂದು. ಎಲ್ಲ 3,000 ಕೆಲ್ವಿನ್ನಿನ ಹಳದಿ ಬೆಳಕು, ಎಲ್ಲಕ್ಕೂ ಮುಂದೆ ಮರೆ. ಒಟ್ಟು 102 ವ್ಯಾಟ್. ಮೊದಲು ದಿನಕ್ಕೆ ಐದು ಗಂಟೆಗೆ 6 ಯೂನಿಟ್ ಹೋಗುತ್ತಿದ್ದ ಜಾಗದಲ್ಲಿ ಈಗ ಅರ್ಧ ಯೂನಿಟ್.

ಮಲೆನಾಡಿನಲ್ಲಿ ದೀಪ ಹಾಕುವುದು ಸುಲಭ, ಜೂನ್ ದಾಟಿಸುವುದು ಕಷ್ಟ. ಮೊದಲ ಮಳೆಗಾಲದಲ್ಲೇ ಐದು ದೀಪ ಕೆಟ್ಟವು. ಐಪಿ65 ಎಂದು ಬರೆದಿದ್ದರೆ ಸಾಕು ಅಂದುಕೊಂಡಿದ್ದೆ. ಆ 6 ಎಂದರೆ ದೂಳು ಒಳಗೆ ಹೋಗದು, 5 ಎಂದರೆ ಪೈಪಿನಿಂದ ನೀರು ಹಾರಿಸಿದರೂ ತಡೆಯುತ್ತದೆ ಅಂತ ಅರ್ಥ. ದೀಪದೊಳಕ್ಕೆ ನೀರು ಹೋಗಿರಲೂ ಇಲ್ಲ. ಹೋದದ್ದು ನಾನು ಮಾಡಿದ ಜಾಯಿಂಟಿಗೆ. ಇನ್ಸುಲೇಷನ್ ಟೇಪು ಸುತ್ತಿದ ಜಾಯಿಂಟು ನಮ್ಮ ಮಳೆಯಲ್ಲಿ ಹದಿನೈದು ದಿನಕ್ಕೆ ಸಡಿಲವಾಗುತ್ತದೆ, ತಾಮ್ರ ಹಸಿರಾಗುತ್ತದೆ. ಈಗ ಎಲ್ಲ ಜಾಯಿಂಟೂ ಮುಚ್ಚಿದ ಬಾಕ್ಸಿನೊಳಗೆ, ಕೇಬಲ್ ಒಳಹೋಗುವ ಕಡೆ ಕೆಳಮುಖವಾಗಿ ಗ್ಲ್ಯಾಂಡ್, ಅಂದರೆ ಕೇಬಲ್ಲನ್ನು ಬಿಗಿಯಾಗಿ ಹಿಡಿಯುವ ಬಿರಡೆ. ಕೇಬಲ್ಲನ್ನು ಬಾಕ್ಸಿಗೆ ನೇರ ತರುವುದಿಲ್ಲ. ಒಮ್ಮೆ ಕೆಳಕ್ಕೆ ಇಳಿಬಿಟ್ಟು, ತೊಟ್ಟಿಲಿನಂತೆ ಬಾಗಿಸಿ ಮೇಲೆ ತರುತ್ತೇನೆ. ಕೇಬಲ್ ಗುಂಟ ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಇನ್ನೊಂದು: ಬಾಕ್ಸಿಗೆ ಸುತ್ತಲೂ ಸಿಲಿಕೋನ್ ಮೆತ್ತಿ ಉಸಿರುಗಟ್ಟಿಸಬಾರದು. ಬಿಸಿಲು ಮಳೆ ಒಂದರ ಹಿಂದೊಂದು ಬಂದಾಗ ಒಳಗಿನ ಗಾಳಿಯ ತೇವವೇ ಬೆವರಿ ನೀರಾಗುತ್ತದೆ. ತಳದಲ್ಲಿ ಚಿಕ್ಕ ತೂತು ಬಿಡಬೇಕು, ಹಲ್ಲಿ ನುಗ್ಗದಂತೆ ಅದಕ್ಕೆ ಸಣ್ಣ ಜಾಲರಿ. ಸೂರಿನ ಅಡಿಯ ಆರು ದೀಪಕ್ಕೆ ಮೊದಲು 12 ವೋಲ್ಟ್ ಕೊಟ್ಟಿದ್ದೆ, ಐದು ಮೀಟರ್ ದಾಟಿದ ಮೇಲೆ ತುದಿಯವು ಮಂಕು. 24 ವೋಲ್ಟಿಗೆ ಬದಲಾಯಿಸಿದ ಮೇಲೆ ಸರಿಹೋಯಿತು.

ಇದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಆ ಮಳೆಗಾಲದ ಒಂದು ಬೆಳಿಗ್ಗೆ ಅಂಗಡಿಯ ಹುಡುಗ ಶಟರ್ ಎತ್ತಲು ಹೋದಾಗ ಕೈ ಜುಮ್ಮೆಂದಿತು. ನನ್ನದೇ ಕೇಬಲ್ ಸೂರಿನ ಕಬ್ಬಿಣಕ್ಕೆ ಉಜ್ಜಿ ಸಿಪ್ಪೆ ಹೋಗಿತ್ತು. ಅವನು ರಬ್ಬರ್ ಚಪ್ಪಲಿ ಹಾಕಿದ್ದ, ಬದುಕಿದ. ಅವನಿಗಿನ್ನೂ ಹದಿನೆಂಟು. ಅಂದಿನಿಂದ, ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದೆ, ಅರ್ಥಿಂಗ್ ಅಳೆಯದೆ ಒಂದು ದೀಪವನ್ನೂ ಉರಿಸಿಲ್ಲ. ಖರ್ಚು ಜಾಸ್ತಿ ಎನ್ನುವವರ ಕೆಲಸ ಬಿಟ್ಟು ಬಂದಿದ್ದೇನೆ. ಹಬ್ಬಕ್ಕೆಂದು ಕಂಬದಿಂದ ಕೊಕ್ಕೆ ಹಾಕಿ ಕರೆಂಟು ಎಳೆಯುವವರಿಗೂ ಇದನ್ನೇ ಹೇಳುತ್ತೇನೆ: ಮೆಸ್ಕಾಂಗೆ ಅರ್ಜಿ ಕೊಟ್ಟು ತಾತ್ಕಾಲಿಕ ಸಂಪರ್ಕ ತಗೊಳ್ಳಿ, ಮಕ್ಕಳು ಓಡಾಡುವ ಜಾಗ.

ಹುಳದ ಕಾಟವೂ ಕಡಿಮೆಯಾಯಿತು. ಮೊದಲ ಮಳೆಗೆ ಏಳುವ ರೆಕ್ಕೆ ಬಂದ ಗೆದ್ದಲು, ಭತ್ತ ಹಾಲುಗಟ್ಟುವ ಹೊತ್ತಿಗೆ ಗದ್ದೆ ಕಡೆಯಿಂದ ಬರುವ ಹಸಿರು ಜಿಗಿಹುಳ, ಇವೆರಡೂ ನೀಲಿ ಮಿಶ್ರಿತ ಬಿಳಿ ಬೆಳಕಿಗೆ ಮುತ್ತುವಷ್ಟು ಹಳದಿ ಬೆಳಕಿಗೆ ಮುತ್ತುವುದಿಲ್ಲ. ಚಹಾ ಗಾಡಿಯವನು ಲೋಟಕ್ಕೆ ತಟ್ಟೆ ಮುಚ್ಚುವುದನ್ನು ಬಿಟ್ಟಿದ್ದಾನೆ. ಬೀದಿಯ ತುದಿಯಲ್ಲೊಂದು ಮಳೆಮರವಿದೆ. ಸಂಜೆಗೆ ಗೊರವಂಕಗಳು ಬಂದು ಕೂರುವ ಮರ. ಅದರ ಕಾಂಡಕ್ಕೂ ದೀಪ ಸುತ್ತಿ ಎಂದು ಕೆಲವು ಅಂಗಡಿಯವರು ಕೇಳಿದರು. ಇಷ್ಟು ಹೊತ್ತು ಗಲಾಟೆ ಮಾಡಿ ಮಲಗುವ ಹಕ್ಕಿಗಳ ಹಾಸಿಗೆಗೆ ದೀಪ ಹಾಕಲು ನನಗೆ ಮನಸ್ಸು ಬರಲಿಲ್ಲ, ಒಪ್ಪಲಿಲ್ಲ. ಬೇರೆಯವರು ಬಂದು ಸುತ್ತಿದರು. ಎರಡು ವಾರದಲ್ಲಿ ಗೊರವಂಕಗಳು ಬೇರೆಡೆ ಹೋದವು. ನಾನೇ ಹೋಗಿ ಕೈಮುಗಿದು ಕೇಳಿಕೊಂಡ ಮೇಲೆ ತೆಗೆದರು. ಈಗ ಒಂದಿಷ್ಟು ಹಕ್ಕಿ ವಾಪಸ್ ಬಂದಿವೆ, ಮೊದಲಿನಷ್ಟಿಲ್ಲ.

ಬೀದಿಯಲ್ಲಿ ಏನು ಬದಲಾಯಿತು? ಫೋಟೋ ತೆಗೆಯುವವರು ಕಡಿಮೆಯಾದರು, ಕೂರುವವರು ಹೆಚ್ಚಾದರು. ಮೆಟ್ಟಿಲ ಕಮಾನಿನ ಹಳದಿ ಬೆಳಕಿನಲ್ಲಿ ಟ್ಯೂಷನ್ ಮುಗಿಸಿ ಬಂದ ಹುಡುಗಿಯರು ಅಪ್ಪ ಬರುವವರೆಗೆ ಕಾಯುತ್ತಾರೆ. ಮೊದಲು ಆ ಮೆಟ್ಟಿಲು ಫ್ಲಡ್ ಲೈಟಿನ ಬೆನ್ನಹಿಂದೆ ಕಗ್ಗತ್ತಲಲ್ಲಿತ್ತು. ಕಣ್ಣು ಕೋರೈಸುವ ಬೆಳಕಿನ ಪಕ್ಕದ ನೆರಳಿನಲ್ಲಿ ಯಾರು ನಿಂತಿದ್ದಾರೆಂದೇ ತಿಳಿಯುತ್ತಿರಲಿಲ್ಲ. ಹೂವಿನ ಅಕ್ಕ ತನ್ನ ಬಲ್ಬು ತೆಗೆದಿದ್ದಾಳೆ. ಎಲ್ಲರೂ ಒಪ್ಪಿದ್ದಾರೆ ಅಂತಲ್ಲ. ಎರಡು ಅಂಗಡಿ ಆಚೆಯವರು ಇನ್ನೂ ಬಣ್ಣದ ಬೋರ್ಡು ಮಿನುಗಿಸುತ್ತಾರೆ, ಮಂದ ಬೆಳಕಾದರೆ ವ್ಯಾಪಾರ ಬೀಳುತ್ತದೆ ಎಂಬ ಭಯ ಅವರಿಗಿದೆ. ಬಾಡಿಗೆ ಕಟ್ಟಬೇಕಾದವರ ಭಯ ಅದು, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಅವರ ಮುಂಗಟ್ಟಿಗೂ ಒಂದು ವಾರ ಬಿಟ್ಟಿಯಾಗಿ ದೀಪ ಹಾಕಿ ತೋರಿಸುತ್ತೇನೆ ಎಂದಿದ್ದೇನೆ.

ಟೈಮರ್ ಹಾಕಿ ಒಂಬತ್ತೂವರೆಗೆ ಮಹಡಿಯ ದೀಪ ಆರುವಂತೆ ಮಾಡಿದ್ದೇನೆ. ಮೆಟ್ಟಿಲಿನದ್ದು, ಚಹಾ ಗಾಡಿಯದ್ದು ಹನ್ನೊಂದರವರೆಗೆ. ಮೊನ್ನೆ ಆ ದಾರಿಯಲ್ಲಿ ಹೋಗುವಾಗ ಅಜ್ಜಿ ಕಿಟಕಿಯಿಂದ ಕೈ ಬೀಸಿ ನಿಲ್ಲಿಸಿದರು. "ಎಡಗಡೆಯಿಂದ ಮೂರನೇದು ಗಾಳಿಗೆ ತಿರುಗಿದೆ ಕಣಪ್ಪ, ನೇರ ಕಣ್ಣಿಗೇ ಹೊಡೀತದೆ." ಮರುದಿನ ಅಂಗಡಿ ತೆಗೆಯುವ ಮೊದಲೇ ಏಣಿ ತಂದು ದೀಪವನ್ನು ಬೋದಿಗೆಯ ಕಡೆಗೆ ತಿರುಗಿಸಿ, ಸ್ಪ್ರಿಂಗ್ ವಾಷರ್ ಹಾಕಿ ಬೋಲ್ಟು ಬಿಗಿದೆ. ಉಳಿದ ಹದಿನಾರನ್ನೂ ಒಮ್ಮೆ ಅಲ್ಲಾಡಿಸಿ ನೋಡಿಯೇ ಇಳಿದೆ.