ಕೊಡಗಿನ ಏರಿಳಿತಕ್ಕೆ ರೋಡ್ ಬೈಕ್: ಒಂದು ಲಕ್ಷದ್ದು ಸಾಕೇ, ಮೂರು ಲಕ್ಷದ್ದೇ ಬೇಕೇ?

ಒಂದು ಲಕ್ಷದ ಸೈಕಲ್ ಈಗಲೇ ಕೊಳ್ಳುವುದೋ, ಇನ್ನೊಂದು ವರ್ಷ ಕಾದು ಮೂರು ಲಕ್ಷದ್ದಕ್ಕೆ ಹೋಗುವುದೋ? ಈ ಪ್ರಶ್ನೆಗೆ ಬೆಂಗಳೂರಿನ ಉತ್ತರ ಬೇರೆ, ಮಡಿಕೇರಿಯ ಉತ್ತರ ಬೇರೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಪೂರ್ವಕ್ಕೆ ಬೋಯಿಕೇರಿ, ಸುಂಟಿಕೊಪ್ಪ ದಾಟಿ ಕುಶಾಲನಗರಕ್ಕೆ ಇಳಿದರೆ ಸುಮಾರು 30 ಕಿ.ಮೀ.ಯಲ್ಲಿ 300 ಮೀಟರ್ ಕಳೆಯುತ್ತದೆ. ಪಶ್ಚಿಮಕ್ಕೆ ಮದೆನಾಡು, ಜೋಡುಪಾಲದ ಮೇಲೆ ಸಂಪಾಜೆಗೆ ಇಳಿದರೆ ಸಾವಿರ ಮೀಟರಿನ ಆಸುಪಾಸು. ಭಾಗಮಂಡಲದಿಂದ 1,276 ಮೀಟರ್ ಎತ್ತರದ ತಲಕಾವೇರಿಗೆ ಎಂಟು ಕಿ.ಮೀ. ಏರು. ಇದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ. ಸೈಕಲ್ ಆರಿಸುವಾಗ ನಾನು ನೋಡುವುದು ಈ ಏರು, ಈ ಇಳಿಜಾರು, ಈ ಮಳೆ. ಫ್ರೇಮಿನ ಮೇಲಿನ ಹೆಸರು ಆಮೇಲಿನ ಮಾತು.

ಮಧ್ಯಮ ದರ್ಜೆ ಎಂದು ನಾನು ಕರೆಯುವುದು 70 ಸಾವಿರದಿಂದ ಒಂದೂವರೆ ಲಕ್ಷದವರೆಗಿನವನ್ನು: ಅಲ್ಯೂಮಿನಿಯಂ ಫ್ರೇಮು, ಕಾರ್ಬನ್ ಫೋರ್ಕು, ಶಿಮಾನೋ ಕಂಪನಿಯ ಸೋರಾ, ಟಿಯಾಗ್ರಾ ಅಥವಾ 105 ಎಂಬ ಮಾದರಿಯ ಗೇರು, ಒಟ್ಟು ತೂಕ ಒಂಬತ್ತೂವರೆ–ಹತ್ತು ಕಿಲೋ. ಮೇಲ್ದರ್ಜೆ ಎಂದರೆ ಎರಡೂವರೆ ಲಕ್ಷ ದಾಟಿದವು: ಕಾರ್ಬನ್ ಫ್ರೇಮು, ಎಲೆಕ್ಟ್ರಾನಿಕ್ ಗೇರು, ಕಾರ್ಬನ್ ಚಕ್ರ, ಏಳೂವರೆ–ಎಂಟು ಕಿಲೋ.

ಹೆಚ್ಚಿನವರು ಆ ಹೆಚ್ಚುವರಿ ದುಡ್ಡು ಕೊಡುವುದು ಈ ಎರಡು ಕಿಲೋಗೆ. ಅದಕ್ಕೇ ತೂಕದ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು. ಸವಾರ 70 ಕಿಲೋ, ಸೈಕಲ್ 10, ನೀರು, ಪಂಪು, ಬಟ್ಟೆ ಸೇರಿ ಇನ್ನು 3. ಒಟ್ಟು 83 ಕಿಲೋ. ಶೇಕಡಾ 6ರ ಏರಿನಲ್ಲಿ (ನೂರು ಮೀಟರಿಗೆ ಆರು ಮೀಟರ್ ಎತ್ತರ) ಸಾವಿರ ಮೀಟರ್ ಎತ್ತರಕ್ಕೆ ಏರಬೇಕು, ಕಾಲಿನಲ್ಲಿ ಸತತ 150 ವ್ಯಾಟ್ ಶಕ್ತಿ ಇದೆ ಎಂದುಕೊಳ್ಳಿ. ವೇಗ ಗಂಟೆಗೆ ಹತ್ತು ಕಿ.ಮೀ.ಗಿಂತ ಸ್ವಲ್ಪ ಕಡಿಮೆ. ಏರು ಮುಗಿಯಲು ಸುಮಾರು 102 ನಿಮಿಷ. ಸೈಕಲ್ಲಿನಿಂದ ಎರಡು ಕಿಲೋ ಇಳಿಸಿದರೆ ಅದೇ ಏರು ಸುಮಾರು 100 ನಿಮಿಷಕ್ಕೆ ಮುಗಿಯುತ್ತದೆ. ಉಳಿತಾಯ ಎರಡು ನಿಮಿಷ ಚಿಲ್ಲರೆ. ಸ್ಪರ್ಧೆಯಲ್ಲಿ ಎರಡು ನಿಮಿಷ ಬಹಳ ದೊಡ್ಡದು. ಅಂಥವರು ದುಡ್ಡು ಕೊಡಲಿ. ಭಾನುವಾರ ಬೆಳಿಗ್ಗೆ ಏರಿ ಮೇಲೆ ಕಾಫಿ ಕುಡಿದು ಬರುವವರಿಗೆ ಆ ಎರಡು ನಿಮಿಷ ಗೊತ್ತೇ ಆಗುವುದಿಲ್ಲ. ಮುಕ್ಕಾಲು ಲೀಟರಿನ ಎರಡು ಬಾಟಲಿ ತುಂಬಿಸಿದರೆ ಒಂದೂವರೆ ಕಿಲೋ. ನೀರು ಸಿಗುವ ಕಡೆ ಒಂದನ್ನೇ ತುಂಬಿಸಿಕೊಂಡರೆ ತೂಕದ ಉಳಿತಾಯದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪುಕ್ಕಟೆ ಸಿಕ್ಕಿತು.

ಏರಿನಲ್ಲಿ ನಿಜವಾಗಿ ಕಾಲು ಉಳಿಸುವುದು ಗೇರು. ಇಲ್ಲಿ ಅಗ್ಗ–ದುಬಾರಿಯ ಲೆಕ್ಕ ಕೆಲವೊಮ್ಮೆ ತಲೆಕೆಳಗಾಗುತ್ತದೆ. ಓಟದ ಸ್ಪರ್ಧೆಗೆಂದು ಮಾಡಿದ ದುಬಾರಿ ಸೈಕಲ್ಲಿಗೆ ಮುಂದಿನ ಎರಡು ಹಲ್ಲುಚಕ್ರಕ್ಕೆ 52/36 ಹಲ್ಲು, ಹಿಂದೆ 11ರಿಂದ 30 ಹಲ್ಲಿನವರೆಗಿನ ಹಲ್ಲುಚಕ್ರಗಳ ಗುಚ್ಛ, ಅಂದರೆ 11–30 ಕ್ಯಾಸೆಟ್ ಬರುವುದುಂಟು. ದೂರ ಪ್ರಯಾಣಕ್ಕೆಂದು ಮಾಡಿದ ಅಗ್ಗದ್ದಕ್ಕೆ 50/34 ಮತ್ತು 11–34. ಮುಂದೆ 34, ಹಿಂದೆ 34 ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು, ಅಂದರೆ ಸುಮಾರು 2.1 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿ.ಮೀ. ಹಿಂದೆ 28 ಮಾತ್ರ ಇದ್ದರೆ ಅದೇ 60 ಸುತ್ತಿಗೆ ಒಂಬತ್ತು ಕಿ.ಮೀ. ದಾಟಲೇಬೇಕು. ಶೇಕಡಾ 10ರ ತಿರುವಿನಲ್ಲಿ 83–85 ಕಿಲೋ ಒಟ್ಟು ತೂಕಕ್ಕೆ ಮೊದಲನೆಯದಕ್ಕೆ ಸುಮಾರು 185 ವ್ಯಾಟ್ ಸಾಕು, ಎರಡನೆಯದಕ್ಕೆ 220 ದಾಟಬೇಕು. ಅಷ್ಟು ಶಕ್ತಿ ಇಲ್ಲದವರ ತುಳಿತ ನಿಮಿಷಕ್ಕೆ 45ಕ್ಕೆ ಇಳಿದು ಮಂಡಿಯ ಮೇಲೆ ಭಾರ ಬೀಳುತ್ತದೆ. ಮಂಡಿನೋವೆಂದು ಸೈಕಲ್ ಮೂಲೆಗೆ ಸೇರಿಸಿದವರ ಗಾಡಿಯಲ್ಲಿ ನಾನು ಮೊದಲು ಎಣಿಸುವುದು ಹಿಂದಿನ ದೊಡ್ಡ ಹಲ್ಲುಚಕ್ರವನ್ನೇ.

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಹಿಂದೆ 34 ಹಲ್ಲು ಹಿಡಿಸುತ್ತದೆಯೇ? ಅದು, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರ್‌ನ ತೋಳು ಉದ್ದವೋ ಗಿಡ್ಡವೋ ಎಂಬುದರ ಮೇಲೆ ನಿಂತಿದೆ. ಶಿಮಾನೋದಲ್ಲಿ ಜಿಎಸ್ ಎಂದಿದ್ದರೆ ಉದ್ದ ತೋಳು, ಎಸ್‌ಎಸ್ ಎಂದರೆ ಗಿಡ್ಡ. 11 ಗೇರಿನ 105 ಆರ್7000ರ ಜಿಎಸ್ 34ರವರೆಗೆ ಹಿಡಿಯುತ್ತದೆ, ಟಿಯಾಗ್ರಾ 4700ರ ಜಿಎಸ್ ಕೂಡ. 12 ಗೇರಿನ 105ರಲ್ಲಿ 36ರವರೆಗೂ ಹೋಗಬಹುದು. ಗಿಡ್ಡ ತೋಳಿಗೆ ದೊಡ್ಡ ಕ್ಯಾಸೆಟ್ ತುರುಕಿದರೆ ಮೇಲಿನ ಪುಟ್ಟ ಚಕ್ರ ಕ್ಯಾಸೆಟ್ಟಿಗೆ ಉಜ್ಜುತ್ತದೆ. ಚೈನು ಗಿಡ್ಡವಾಗಿದ್ದರಂತೂ ಮುಂದೆಯೂ ಹಿಂದೆಯೂ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದ ಕ್ಷಣ ಡಿರೇಲರನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ಬಾಗುತ್ತದೆ ಅಥವಾ ಮುರಿಯುತ್ತದೆ. ಕ್ಯಾಸೆಟ್ ಬದಲಿಸಿದಾಗ ಚೈನಿನ ಉದ್ದವನ್ನು ಮತ್ತೆ ಅಳೆಯಲೇಬೇಕು.

ಇನ್ನು ಇಳಿಜಾರು. ಕೊಡಗಿನಲ್ಲಿ ದುಡ್ಡು ಸುರಿಯಬೇಕಾದ ಜಾಗ ಇದು. ಅದೇ 83 ಕಿಲೋ, ಶೇಕಡಾ 6ರ ಇಳಿಜಾರಿನಲ್ಲಿ ಗಂಟೆಗೆ 25 ಕಿ.ಮೀ.ಗೆ ಬ್ರೇಕು ಹಿಡಿದೇ ಇಳಿದರೆ ಗಾಳಿಯ ತಡೆ, ಟೈರಿನ ಎಳೆತ ಕಳೆದು 200 ವ್ಯಾಟ್‌ಗೂ ಮೀರಿದ ಶಾಖ ಬ್ರೇಕಿನೊಳಗೆ ಇಳಿಯುತ್ತಲೇ ಇರುತ್ತದೆ. ಚಕ್ರದ ರಿಮ್ಮನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕಿನಲ್ಲಿ ಈ ಶಾಖವನ್ನೆಲ್ಲ ರಿಮ್ಮೇ ತಾಳಬೇಕು. ಮಳೆ ಬಂದರೆ ನೀರಿನ ಪದರ ಒರೆಸಿಹೋಗುವವರೆಗೆ ಬ್ರೇಕೇ ಹಿಡಿಯುವುದಿಲ್ಲ. ಜೊತೆಗೆ ನಮ್ಮ ಕೆಮ್ಮಣ್ಣಿನ ಹರಳು ಪ್ಯಾಡಿಗೆ ಅಂಟಿ ರಿಮ್ಮನ್ನು ಅರದ ಹಾಗೆ ತಿನ್ನುತ್ತದೆ. ರಿಮ್ಮಿನ ಸವೆತ ಸೂಚಿಸುವ ಸಣ್ಣ ಕುಳಿ ಕಾಣದಾದರೆ ಆ ರಿಮ್ಮಿನ ಆಯುಷ್ಯ ಮುಗಿಯಿತು. ಕಾರ್ಬನ್ ರಿಮ್ಮಿನ ಮೇಲೆ ರಿಮ್ ಬ್ರೇಕ್ ಇರುವ ಹಳೆಯ ದುಬಾರಿ ಸೈಕಲ್ಲುಗಳು ಸೆಕೆಂಡ್‌ಹ್ಯಾಂಡಿನಲ್ಲಿ ಒಳ್ಳೆಯ ಬೆಲೆಗೆ ಸಿಗುತ್ತವೆ. ಸಂಪಾಜೆ ಘಾಟಿಗೆ, ಮಾಕುಟ್ಟದ ಇಳಿಜಾರಿಗೆ ಅವು ಬೇಡವೇ ಬೇಡ.

ಡಿಸ್ಕ್ ಬ್ರೇಕಿನಲ್ಲೂ ಎರಡು ಜಾತಿ. ಮಧ್ಯಮ ದರ್ಜೆಯ ಕೆಳಮೆಟ್ಟಿಲಲ್ಲಿ ಸಿಗುವುದು ಕೇಬಲ್ ಎಳೆಯುವ ಮೆಕ್ಯಾನಿಕಲ್ ಡಿಸ್ಕ್. ಹಲವದರಲ್ಲಿ ಒಂದು ಬದಿಯ ಪ್ಯಾಡ್ ಮಾತ್ರ ಚಲಿಸುತ್ತದೆ, ಇನ್ನೊಂದನ್ನು ಕೈಯಲ್ಲಿ ತಿರುಗಿಸಿ ರೋಟರ್ (ಚಕ್ರಕ್ಕೆ ಬಿಗಿದ ಲೋಹದ ತಟ್ಟೆ) ಹತ್ತಿರ ತರಬೇಕು. ಮಳೆಗಾಲದಲ್ಲಿ ಒಂದೇ ಉದ್ದದ ಸವಾರಿಯಲ್ಲಿ ಪ್ಯಾಡ್ ಸವೆದು ಲಿವರ್ ಹ್ಯಾಂಡಲ್ಲಿಗೆ ತಾಗುವಷ್ಟು ಸಡಿಲವಾಗಬಹುದು. ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್‌ನಲ್ಲಿ ಪ್ಯಾಡ್ ಸವೆದಂತೆ ಪಿಸ್ಟನ್ ತಾನಾಗಿ ಮುಂದೆ ಬರುತ್ತದೆ, ಕೇಬಲ್ಲಿಗೆ ಕೆಸರು ಹೋಗುವ ಪ್ರಶ್ನೆಯಿಲ್ಲ, ಚಳಿಗೆ ಮರಗಟ್ಟಿದ ಒಂದು ಬೆರಳಲ್ಲೂ ನಿಲ್ಲಿಸಬಹುದು. ಮೆಕ್ಯಾನಿಕಲ್‌ನಿಂದ ಹೈಡ್ರಾಲಿಕ್‌ಗೆ ಏರಲು ಕೊಡುವ ಹೆಚ್ಚಿನ ದುಡ್ಡು, ಈ ಜಿಲ್ಲೆಯ ಮಟ್ಟಿಗೆ, ಪೂರ್ತಿ ಸಾರ್ಥಕ. ಕೊಳ್ಳುವ ಮುಂಚೆ ರೋಟರನ್ನೂ ಓದಿ: ಅಗ್ಗದ ಕೆಲವು ರೋಟರಿನ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಕೊರೆದಿರುತ್ತದೆ. ಅದಕ್ಕೆ ಮಳೆಗಾಲದಲ್ಲಿ ಹೆಚ್ಚು ಬಾಳುವ ಲೋಹದ ಪ್ಯಾಡ್ ಹಾಕುವಂತಿಲ್ಲ, ಹಾಕಿದರೆ ರೋಟರ್ ಬೇಗ ಸವೆಯುತ್ತದೆ. ಶಿಮಾನೋದಲ್ಲಿ ಹೊಸ ರೋಟರ್ 1.8 ಮಿ.ಮೀ.; 1.5ಕ್ಕೆ ಬಂದರೆ ತೆಗೆಯಬೇಕು. ಪ್ಯಾಡಿನ ಉಜ್ಜುವ ಪದರ 0.5 ಮಿ.ಮೀ.ಗೆ ಇಳಿದರೆ ಅದೂ ಮುಗಿದಂತೆ. ಶಿಮಾನೋ ಬ್ರೇಕಿಗೆ ಮಿನರಲ್ ಆಯಿಲ್, ಇನ್ನೊಂದು ಕಂಪನಿ ಶ್ರಾಮ್‌ನ ರೋಡ್ ಬ್ರೇಕಿಗೆ ಡಾಟ್ ಎಂಬ ಬ್ರೇಕ್ ಎಣ್ಣೆ. ಡಾಟ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ತೇವ ಸೇರಿದಂತೆ ಅದರ ಕುದಿಬಿಂದು ಇಳಿಯುತ್ತದೆ. ನಮ್ಮ ಹವೆಯಲ್ಲಿ ಅದನ್ನು ವರ್ಷಕ್ಕೊಮ್ಮೆ ತಪ್ಪದೆ ಬದಲಿಸುವ ಶಿಸ್ತು ಬೇಕು. ಎರಡನ್ನೂ ಒಂದಕ್ಕೊಂದು ಬೆರೆಸಿದರೆ ಸೀಲುಗಳು ಹಾಳಾಗುತ್ತವೆ.

ಬ್ರೇಕು ಯಾವುದೇ ಇರಲಿ, ಘಾಟಿಯುದ್ದಕ್ಕೂ ಸವರುತ್ತ ಹಿಡಿದುಕೊಂಡೇ ಇಳಿಯಬಾರದು. ತಿರುವಿಗೆ ಮುಂಚೆ ಎರಡೂ ಬ್ರೇಕು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ತಿರುವಿನಲ್ಲಿ ಬಿಡಬೇಕು. ಬಿಟ್ಟ ಆ ಹೊತ್ತಿನಲ್ಲಿ ರೋಟರ್ ತಣಿಯುತ್ತದೆ. ಸದಾ ಸವರಿದರೆ ಪ್ಯಾಡಿನ ಮೇಲ್ಮೈ ಗಾಜಿನಂತೆ ನುಣುಪಾಗಿ ಕೀರಲು ಶುರುವಾಗುತ್ತದೆ.

ಟೈರು. ಫ್ರೇಮಿನಲ್ಲಿ ಕನಿಷ್ಠ 32 ಮಿ.ಮೀ. ಟೈರಿಗೆ ಜಾಗ ಇರಲಿ, ಸಾಧ್ಯವಿದ್ದರೆ 32 ಟೈರು ಮತ್ತು ಮಡ್‌ಗಾರ್ಡ್ ಎರಡೂ ಹಿಡಿಸುವಷ್ಟು. ಮಳೆ ಮುಗಿದ ಮೇಲೆ ನಾಪೋಕ್ಲು, ಕಕ್ಕಬ್ಬೆ ಕಡೆಯ ಒಳರಸ್ತೆಗಳ ಅಂಚು ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. 70 ಕಿಲೋ ಸವಾರನಿಗೆ ನಾನು 28 ಟೈರಿಗೆ 70 ಪಿಎಸ್‌ಐ, 32ಕ್ಕೆ 55ರಿಂದ 60 ಹೊಡೆಯುತ್ತೇನೆ, ಮುಂದಿನ ಚಕ್ರಕ್ಕೆ ನಾಲ್ಕೈದು ಕಡಿಮೆ, ರಸ್ತೆ ಒದ್ದೆಯಿದ್ದರೆ ಇನ್ನೂ ಐದು ಕಡಿಮೆ. ಅಂಚಿಗೆ ಕೊಕ್ಕೆ ಇಲ್ಲದ ಹೊಸ ಕಾರ್ಬನ್ ರಿಮ್ಮುಗಳಲ್ಲಿ 72.5 ಪಿಎಸ್‌ಐ ದಾಟುವಂತಿಲ್ಲ. ಸವಾರ ಭಾರವಿದ್ದು 25 ಟೈರು ಹಾಕಿದರೆ ಆ ಮಿತಿ ಸಾಲದು. ಮಧ್ಯಮ ದರ್ಜೆಯ ಸೈಕಲ್ಲಿಗೆ ಕಂಪನಿ ಕೊಡುವ ತಂತಿ ಅಂಚಿನ ಗಡಸು ಟೈರನ್ನು ಮೊದಲ ದಿನವೇ ತೆಗೆದು ಒಳ್ಳೆಯ ಮೆದು ರಬ್ಬರಿನ ಮಡಿಸುವ ಟೈರು ಹಾಕಿಸಿ. ಸೈಕಲ್ಲಿನ ಓಟ, ಒದ್ದೆ ತಿರುವಿನಲ್ಲಿ ಹಿಡಿತ ಎರಡೂ ಬದಲಾಗುತ್ತವೆ. ದುಬಾರಿ ಸೈಕಲ್ಲು ಹಗುರ ಅನ್ನಿಸುವುದರಲ್ಲಿ ಒಂದು ಪಾಲು ಅದರ ಟೈರಿನದೇ. (ಮಳೆಯಲ್ಲಿ ಪಂಚರಾದರೆ ತೋಟದ ಬೇಲಿ ಬದಿಯ ಹುಲ್ಲಿನಲ್ಲಿ ಕೂರಬೇಡಿ, ಟಾರಿನ ಮೇಲೇ ನಿಂತು ಟ್ಯೂಬ್ ಬದಲಿಸಿ. ಜಿಗಣೆ ಕಾಲುಚೀಲದೊಳಗೆ ಹೋದದ್ದು ಮನೆ ತಲುಪುವವರೆಗೆ ತಿಳಿಯುವುದಿಲ್ಲ.)

ಮಳೆಗಾಲ ಮುಗಿದಾಗ ಯಾವ ಸೈಕಲ್ಲು ಎಷ್ಟು ಖರ್ಚು ತಂದಿತು ಎಂಬುದರಲ್ಲಿ ಮಧ್ಯಮ ದರ್ಜೆ ಗೆಲ್ಲುತ್ತದೆ. ಮೇಲ್ದರ್ಜೆಯ ಹೊಸ ಸೈಕಲ್ಲುಗಳಲ್ಲಿ ಬ್ರೇಕಿನ ಕೊಳವೆಗಳು ಹ್ಯಾಂಡಲ್ಲಿನೊಳಗಿಂದ, ಅದು ತಿರುಗುವ ಹೆಡ್‌ಸೆಟ್ ಬೇರಿಂಗಿನ ನಡುವೆ ಹಾದು ಫ್ರೇಮಿನೊಳಗೆ ಇಳಿಯುತ್ತವೆ. ನೋಡಲು ಚೆಂದ. ಆದರೆ ಕೊಡವರ ಕಕ್ಕಡ ತಿಂಗಳ ಮಳೆಗೆ ಮೇಲಿನ ಬೇರಿಂಗ್ ತುಕ್ಕು ಹಿಡಿದರೆ ಅದನ್ನು ತೆಗೆಯಲು ಹಲವು ಮಾದರಿಗಳಲ್ಲಿ ಬ್ರೇಕಿನ ಕೊಳವೆ ಬಿಚ್ಚಬೇಕು, ಮತ್ತೆ ಜೋಡಿಸಿ ಗಾಳಿಗುಳ್ಳೆ ತೆಗೆಯಬೇಕು. ಹೊರಗಿನಿಂದ ಫ್ರೇಮಿಗೆ ಇಳಿಯುವ ಕೊಳವೆಯ ಸೈಕಲ್ಲಿನಲ್ಲಿ ಇದು ಐದು ಮಿ.ಮೀ. ಅಲೆನ್ ಕೀ, ಗ್ರೀಸು ಇದ್ದರೆ ಮನೆಯಂಗಳದಲ್ಲೇ ಅರ್ಧ ಗಂಟೆಯ ಕೆಲಸ. ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ಟೂ ಹಾಗೆಯೇ: ಒತ್ತಿ ಕೂರಿಸುವ ಪ್ರೆಸ್‌ಫಿಟ್ ಬಗೆಯದು ಫ್ರೇಮಿನ ಅಳತೆ ಕೂದಲೆಳೆ ತಪ್ಪಿದರೂ, ಸಂದಿಗೆ ಮರಳು ಸೇರಿದರೂ ಏರಿನಲ್ಲಿ ಕಟಕಟ ಎನ್ನುತ್ತದೆ, ತೆಗೆಯಲು, ಕೂರಿಸಲು ಬೇರೆ ಬೇರೆ ಸಾಧನ ಬೇಕು. ಮರೆ (ತಿರುಪಿನ ಥ್ರೆಡ್) ಇರುವ ಬಿಎಸ್‌ಎ ಬಗೆಯದನ್ನು ಒಂದು ಸ್ಪ್ಯಾನರ್ ಬಿಚ್ಚುತ್ತದೆ. ನಮಗೆ ಪೂರ್ಣ ಪ್ರಮಾಣದ ಸರ್ವಿಸ್ ಎಂದರೆ ಮೈಸೂರು, ಮಡಿಕೇರಿಯಿಂದ 120 ಕಿ.ಮೀ. ಆಚೆ, ಇಲ್ಲವೇ ಮಂಗಳೂರು. ಮನೆಯಲ್ಲೇ ಬಿಚ್ಚಲಾಗದ ಭಾಗಗಳು ಜಾಸ್ತಿಯಾದಷ್ಟೂ ಸೈಕಲ್ಲು ಗಾಡಿಯ ಮೇಲೆ ಪ್ರಯಾಣ ಮಾಡುವುದೇ ಜಾಸ್ತಿಯಾಗುತ್ತದೆ.

ಚಕ್ರದ ನಡುವಿನ ಹಬ್ಬುಗಳ (ಹಬ್) ವಿಷಯದಲ್ಲೂ ಅಷ್ಟೆ. ಶಿಮಾನೋದ ಸಾಧಾರಣ ಗುಂಡು–ಕೋನ್ ಹಬ್ಬಿಗೆ ಮುಂದೆ ಪ್ರತಿ ಬದಿಗೆ 3/16 ಇಂಚಿನ ಹತ್ತು ಗುಂಡು, ಹಿಂದೆ ಪ್ರತಿ ಬದಿಗೆ 1/4 ಇಂಚಿನ ಒಂಬತ್ತು. ಊರಿನ ಸಾದಾ ಸೈಕಲ್ ಅಂಗಡಿಯಲ್ಲೂ ಗುಂಡು ಸಿಗುತ್ತದೆ. ಮಳೆಗಾಲದ ನಡುವೆ ಒಮ್ಮೆ, ಕೊನೆಗೆ ಒಮ್ಮೆ ಬಿಚ್ಚಿ ಗ್ರೀಸ್ ತುಂಬಿದರೆ ವರ್ಷಗಟ್ಟಲೆ ಬಾಳುತ್ತದೆ. ಚೈನಿನ ಸವೆತಕ್ಕೆ ಗೇಜು ಇಟ್ಟುಕೊಳ್ಳಿ: 8, 9, 10 ಗೇರಿನದು ಶೇಕಡಾ 0.75 ಹಿಗ್ಗಿದಾಗ, 11 ಮತ್ತು 12ರದ್ದು 0.5 ಹಿಗ್ಗಿದಾಗ ಬದಲಿಸಬೇಕು. ತಡಮಾಡಿದರೆ ಕ್ಯಾಸೆಟ್ಟೂ ಹೋಗುತ್ತದೆ, ಮೇಲ್ದರ್ಜೆಯ ಕ್ಯಾಸೆಟ್ಟಿನ ಬೆಲೆ ಕೇಳಿದರೆ ಗೇಜಿನ ಬೆಲೆ ಏನೂ ಅಲ್ಲ. ಒದ್ದೆ ಸವಾರಿ ಮುಗಿದ ಮೇಲೆ ಸೀಟ್‌ಪೋಸ್ಟ್ ತೆಗೆದು ಸೈಕಲ್ಲನ್ನು ತಲೆಕೆಳಗು ಮಾಡಿ ಫ್ರೇಮಿನೊಳಗಿನ ನೀರು ಬಸಿಯಬೇಕು. ಕಾರ್ಬನ್ ಫ್ರೇಮಿಗೆ ಅಲ್ಯೂಮಿನಿಯಂ ಸೀಟ್‌ಪೋಸ್ಟ್ ಇದ್ದು ಹಾಗೇ ಬಿಟ್ಟರೆ ಎರಡೂ ಕಚ್ಚಿಕೊಂಡು ಮತ್ತೆ ಬಿಡುವುದೇ ಇಲ್ಲ. ನಡುವೆ ಕಾರ್ಬನ್ ಪೇಸ್ಟ್ ಹಚ್ಚಿ, ಕ್ಲ್ಯಾಂಪಿನ ಮೇಲೆ ಬರೆದಷ್ಟೇ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್, ಬಿಗಿಯಬೇಕು.

ಎಲೆಕ್ಟ್ರಾನಿಕ್ ಗೇರು ಒಳ್ಳೆಯದೇ. ಕೇಬಲ್ ಇಲ್ಲದ್ದರಿಂದ ಕೆಸರಿಗೆ ಗೇರು ತೊದಲುವುದಿಲ್ಲ, ಒಮ್ಮೆ ಚಾರ್ಜ್ ಮಾಡಿದರೆ ಸಾವಿರ ಕಿ.ಮೀ. ಲೆಕ್ಕ. ಆದರೆ ಕೇಬಲ್ ಗೇರಿನಲ್ಲಿ ವರ್ಷಕ್ಕೊಮ್ಮೆ ಒಳಕೇಬಲ್ಲು, ಹೊರಕವಚ ಬದಲಿಸಿದರೆ ಅದೇ ಚುರುಕು ಸಿಗುತ್ತದೆ. ಆ ಖರ್ಚು ನೂರರ ಲೆಕ್ಕದ್ದು.

ಹೀಗೆಲ್ಲ ತೂಗಿ ನಾನು ನಿಂತದ್ದು ಮಧ್ಯಮ ದರ್ಜೆಯ ಮೇಲ್ಮೆಟ್ಟಿಲಲ್ಲಿ: ದೂರ ಪ್ರಯಾಣದ ವಿನ್ಯಾಸದ ಅಲ್ಯೂಮಿನಿಯಂ ಫ್ರೇಮು, ಮರೆ ಇರುವ ಬಾಟಮ್ ಬ್ರಾಕೆಟ್, ಕೇಬಲ್ಲಿನ 105 ಗೇರು, 50/34 ಮತ್ತು 11–34, ಹೈಡ್ರಾಲಿಕ್ ಡಿಸ್ಕ್, 32 ಟೈರಿನ ಜಾಗ, ಮಡ್‌ಗಾರ್ಡ್ ಬಿಗಿಯುವ ತೂತು. ಉಳಿದ ದುಡ್ಡನ್ನು ಮೊದಲು ಟೈರಿಗೆ, ಆಮೇಲೆ ಸೀಟಿನ ಎತ್ತರ, ಹ್ಯಾಂಡಲ್ಲಿನ ದೂರ ಸರಿಮಾಡುವ ಫಿಟ್ಟಿಂಗಿಗೆ, ಕೊನೆಗೆ ಹಗುರ ಚಕ್ರಕ್ಕೆ ಇಟ್ಟೆ. ಹಬ್ಬದ ರಿಯಾಯಿತಿಗೆ ಮಾರು ಹೋಗಿ ಒಂದು ಸೈಜು ದೊಡ್ಡ ಫ್ರೇಮು ಯಾರೂ ಕೊಳ್ಳಬಾರದು. ಹ್ಯಾಂಡಲ್ ಹಿಡಿದಿಡುವ ಸ್ಟೆಮ್ ಗಿಡ್ಡದ್ದು ಹಾಕಿ ಅದನ್ನು ಸರಿಮಾಡಲು ಹೊರಟರೆ ಇಳಿಜಾರಿನಲ್ಲಿ ಹ್ಯಾಂಡಲ್ ಚಂಚಲವಾಗುತ್ತದೆ. ಕಾಲಿನ ಒಳ ಉದ್ದವನ್ನು ಸೆಂ.ಮೀ.ನಲ್ಲಿ ಅಳೆದು 0.883ರಿಂದ ಗುಣಿಸಿದರೆ ಬಾಟಮ್ ಬ್ರಾಕೆಟ್ಟಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಬರುತ್ತದೆ. ಅಲ್ಲಿಂದ ಶುರುಮಾಡಿ ಕೆಲವು ಮಿ.ಮೀ. ಆಚೀಚೆ ಹೊಂದಿಸಿಕೊಳ್ಳಬಹುದು.

ಸ್ಪರ್ಧೆಗೆ ಇಳಿಯುವವರು, ಮಳೆಗಾಲದಲ್ಲಿ ಮನೆಯೊಳಗೆ ಟ್ರೈನರ್ ಮೇಲೆ ತುಳಿದು ಅಕ್ಟೋಬರ್ ನಂತರವೇ ರಸ್ತೆಗೆ ಬರುವವರು ಮೇಲ್ದರ್ಜೆಗೆ ಹೋಗಲಿ, ಅವರಿಗೆ ಅದು ಸಂತೋಷ ಕೊಡುತ್ತದೆ. ಆಗಲೂ ಮೂರು ಸಂಗತಿ ಅಂಗಡಿಯಲ್ಲೇ ಖಾತ್ರಿ ಮಾಡಿಕೊಳ್ಳಬೇಕು: ಹಿಂದೆ 34 ಹಲ್ಲು ಇದೆಯೇ, ಬಾಟಮ್ ಬ್ರಾಕೆಟ್ಟಿಗೆ ಮರೆ ಇದೆಯೇ, ಡಿರೇಲರ್ ಹ್ಯಾಂಗರ್‌ನ ಮಾದರಿ ಸಂಖ್ಯೆ ಏನು. ಆ ಹ್ಯಾಂಗರ್ ಒಂದನ್ನು ಸೈಕಲ್ ಜೊತೆಗೇ ಕೊಂಡು ಸೀಟಿನ ಕೆಳಗಿನ ಚೀಲದಲ್ಲಿ ಹಾಕಿಡಿ. ಅದು ಫ್ರೇಮಿನಿಂದ ಫ್ರೇಮಿಗೆ ಬೇರೆಯಾಗಿರುತ್ತದೆ, ಮುರಿದ ಮೇಲೆ ತರಿಸಲು ವಾರಗಳೇ ಹಿಡಿಯಬಹುದು.